ಕುಂಟು ತಾಳ

ಕೊಬ್ಬರಿ ಮಾಡುವುದರಲ್ಲಿ ಕಣ್ಣಿಗೆ ಹೆಚ್ಚು ಕೆಲಸವಿಲ್ಲ, ಕಿವಿಗೇ ಎಲ್ಲ ಕೆಲಸ. ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿದ ತೆಂಗಿನಕಾಯಿ ಹತ್ತು ಹನ್ನೊಂದು ತಿಂಗಳು ಕತ್ತಲಲ್ಲಿ ಕೂತು, ತನ್ನ ನೀರನ್ನು ತಾನೇ ಕುಡಿದು, ಕೊನೆಗೊಂದು ದಿನ ಚಿಪ್ಪು ಬಿಟ್ಟು ಒಳಗೇ ಉಂಡೆಯಾಗಿ ಉರುಳಾಡತೊಡಗುತ್ತದೆ. ಬಿಟ್ಟಿದೆಯೋ ಇಲ್ಲವೋ ಎಂದು ಹೊರಗಿನಿಂದ ನೋಡಿ ಹೇಳುವವನು ಬಾಣಾವರದ ಸುತ್ತಮುತ್ತ ಇನ್ನೂ ಹುಟ್ಟಿಲ್ಲ. ಒಂದೊಂದನ್ನೂ ಎತ್ತಿ, ಅಲ್ಲಾಡಿಸಿ, ಕೇಳಬೇಕು. ಚಳಕ್ ಎಂದರೆ ನೀರಿದೆ, ವಾಪಸ್ಸು ಇಡಬೇಕು. ಗಡಕ್ ಎಂದರೆ ಆಗಿದೆ, ಕೆಳಗೆ ಬಿಡಬಹುದು.

ಸಿದ್ದಬಸಪ್ಪ ನಲವತ್ತೈದು ವರ್ಷದಿಂದ ಹೀಗೆ ಕೇಳುತ್ತ ಬಂದವನು. ಅವನದೊಂದು ರೀತಿಯಿತ್ತು. ಬಲಗೈಯಲ್ಲಿ ಕಾಯಿ ಎತ್ತಿ ಬಲಗಿವಿಯ ಹತ್ತಿರ ಎರಡು ಸಲ ಅಲ್ಲಾಡಿಸುವುದು. ಅದು ಅಪ್ಪನಿಂದ ಬಂದದ್ದು. ಆದರೆ ಏಳನೇ ವಯಸ್ಸಿನಲ್ಲಿ ಕಿವಿ ಸೋರಿ ಅವನ ಬಲಗಿವಿ ಪೂರ್ತಿ ಹೋಗಿತ್ತು. ಕೈಗೆ ಮಾತ್ರ ಆ ಸುದ್ದಿ ಮುಟ್ಟಿದಂತಿರಲಿಲ್ಲ. ಅದು ಅಪ್ಪ ಕಲಿಸಿದಂತೆ ಬಲಗಡೆ ಎರಡು ಸಲ ಅಲ್ಲಾಡಿಸಿಯೇ ಅಲ್ಲಾಡಿಸುತ್ತಿತ್ತು. ಆಮೇಲೆ ಕಾಯಿಯನ್ನು ಮುಖದ ಮುಂದಿನಿಂದ ಎಡಗಿವಿಗೆ ತಂದು, ನಿಜವಾಗಿ ಕೇಳಲೆಂದು ಇನ್ನೊಂದು ಸಲ. ಆಮೇಲೆ ಹಲಗೆಯ ಮೇಲೆ ದಪ್. ಗಡಕ್ ಗಡಕ್, ನಡುವೆ ಒಂದು ಉಸಿರಿನಷ್ಟು ಬಿಡುವು, ಗಡಕ್, ದಪ್. ಕೆಳಗೆ ಅಡುಗೆಮನೆಯಲ್ಲಿ ಅವನ ಹೆಂಡತಿ ಪುಷ್ಪಲತಾ ಇದನ್ನು ಕೇಳುತ್ತಲೇ ರೊಟ್ಟಿ ತಟ್ಟುವಳು. ಸದ್ದು ನಿಂತರೆ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದಾನೆ ಎಂದು ಅವಳಿಗೆ ಗೊತ್ತು.

ಕಾರ್ತಿಕದ ಒಂದು ಬೆಳಿಗ್ಗೆ ಅವನು ಅಟ್ಟದ ಮೇಲಿದ್ದಾಗ ಕೆಳಗೆ ಫೋನು ಬಡಿದುಕೊಂಡಿತು.

"ಬೇಲೂರಿಂದ ಯಾರೋ ಭಾಷ್ಯಂ ಮೇಷ್ಟ್ರಂತೆ," ಪುಷ್ಪಲತಾ ಕೂಗಿದಳು. "ಇಳೀತೀರಾ?"

"ಏಣಿ ನೀನು ತೆಗ್ದಿಟ್ಟಿದ್ರೆ ನಾನೇನು ಹಾರ್ಲಾ? ತಂದಿಡು."

ಏಣಿ ಅಡುಗೆಮನೆ ಬಾಗಿಲಿಗೆ ಅಡ್ಡ ಬರುತ್ತಿದ್ದುದರಿಂದ ಅವನು ಹತ್ತಿದ ಮೇಲೆ ಅದನ್ನು ತೆಗೆದು ಗೋಡೆಗೆ ಒರಗಿಸುವುದು ಆ ಮನೆಯ ಹೆಂಗಸರ ಹಳೆಯ ರೂಢಿ. ಅವ್ವನೂ ಹಾಗೇ ಮಾಡುತ್ತಿದ್ದಳು. ಆಗೆಲ್ಲ ಅಣ್ಣನ ಹಿಂದೆಯೇ ಹತ್ತಿ ಕೂತಿರುತ್ತಿದ್ದ ಪುಟ್ಟ ಇಂದುಧರ ಹೆದರಿ ಕಿರುಚಿಕೊಳ್ಳುತ್ತಿದ್ದ: "ಏಣಿ ತೆಗೀಬ್ಯಾಡ ಕಣವ್ವಾ, ನಾನಿನ್ನೂ ಮ್ಯಾಲಿವ್ನಿ!"

ಇಂದುಧರ ಸಿದ್ದಬಸಪ್ಪನಿಗೆ ಹನ್ನೊಂದು ವರ್ಷ ಚಿಕ್ಕವನು, ಒಬ್ಬನೇ ತಮ್ಮ. ಬೆಂಗಳೂರಿಗೆ ಓದಲು ಹೋದವನು ಗಿಟಾರು ಹಿಡಿದ. ನಾಲ್ಕು ಜನ ಹುಡುಗರನ್ನು ಕಟ್ಟಿಕೊಂಡು 'ಕರಟ' ಎಂಬ ರಾಕ್ ಬ್ಯಾಂಡ್ ಮಾಡಿದ. ಕನ್ನಡದಲ್ಲಿ ರಾಕ್ ಹಾಡು ಬರೆಯಬಹುದು ಎಂದು ಕಾಲೇಜು ಹುಡುಗರಿಗೆ ತೋರಿಸಿದವನು ಅವನೇ ಎಂದು ಈಗ ಎಲ್ಲರೂ ಹೇಳುತ್ತಾರೆ. ಎರಡು ತಿಂಗಳ ಹಿಂದೆ, ಐವತ್ತೆರಡನೇ ವಯಸ್ಸಿಗೆ, ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಸಿದ್ದಬಸಪ್ಪ ರೈಲು ಹಿಡಿದು ಹೋಗುವಷ್ಟರಲ್ಲಿ ಮಣ್ಣು ಮುಚ್ಚಿಯಾಗಿತ್ತು. ಮಣ್ಣಿನ ಮೇಲೆ ಬಿಲ್ವಪತ್ರೆಯ ಜೊತೆ ಯಾರೋ ಗಿಟಾರಿನ ತಂತಿಗಳನ್ನು ಸುರುಳಿ ಮಾಡಿ ಇಟ್ಟಿದ್ದರು. ಅವನು ಒಂದು ಗಳಿಗೆ ನಿಂತು, ಯಾರಿಗೂ ತಾನು ಯಾರೆಂದು ಹೇಳದೆ ಬಂದುಬಿಟ್ಟಿದ್ದ.

ಹೇಳುವ ಮುಖವಿರಲಿಲ್ಲ. ಹದಿನೆಂಟು ವರ್ಷದಿಂದ ಅಣ್ಣತಮ್ಮಂದಿರ ನಡುವೆ ಮಾತಿರಲಿಲ್ಲ. ಅಪ್ಪ ತೀರಿಕೊಂಡ ಮೇಲಿನ ಶಿವಗಣಾರಾಧನೆಯ ದಿನ ಭಜನೆಯವರು ಬರುವುದು ತಡವಾಗಿತ್ತು. ಅಷ್ಟರಲ್ಲಿ ಇಂದುಧರ ಅಪ್ಪನ ಗದ್ದುಗೆಯ ಪಕ್ಕದಲ್ಲೇ ಚಾಪೆ ಹಾಸಿ ಕೂತು ಗಿಟಾರು ತೆಗೆದು ಹಾಡತೊಡಗಿದ. ಅಪ್ಪನಿಗೆ ಇಷ್ಟವಾದ ಹಾಡು ಎಂದ. ಮಠದ ಸ್ವಾಮಿಗಳ ಎದುರಿಗೇ ನೆಂಟರೆಲ್ಲ ಮುಖ ಮುಖ ನೋಡಿಕೊಂಡರು. "ಏನ್ಲಾ ಸಿದ್ದಬಸಪ್ಪ, ಇದೇನು ಗಣಾರಾಧನೇನೋ ಆರ್ಕೆಸ್ಟ್ರಾನೋ?" ಎಂದು ದೊಡ್ಡಪ್ಪ ಅಂದಾಗ ಅವನಿಗೆ ರಕ್ತ ತಲೆಗೇರಿತು. ಪಂಕ್ತಿಯವರೆಲ್ಲ ಕೇಳುವಂತೆ, "ಇನ್ ಮ್ಯಾಲೆ ಈ ಮನೆ ಅಟ್ಟಕ್ಕೆ ನಿನ್ನ ಕಾಲು ತಾಕಬಾರದು. ನಿನ್ನ ಹೆಸರನ್ನೂ ಇಲ್ಲಿ ಯಾರೂ ಎತ್ತಬಾರದು," ಎಂದುಬಿಟ್ಟ. ಇಂದುಧರ ಗಿಟಾರನ್ನು ಚೀಲಕ್ಕೆ ಹಾಕಿಕೊಂಡು, ಊಟಕ್ಕೂ ಕೂರದೆ, ಬಾಣಾವರದ ಸ್ಟೇಷನ್ನಿಗೆ ನಡೆದುಹೋದ. ಮಾರನೇ ವರ್ಷ ಅವನ 'ಏಣಿ' ಎಂಬ ಹಾಡು ಬಂತು. ನಾಡೆಲ್ಲ ಹಾಡಿತು. ಸಿದ್ದಬಸಪ್ಪ ಕೇಳಲಿಲ್ಲ. ಬಸ್ಸಿನಲ್ಲಿ ಹಾಕಿದರೆ ಎಡಗಿವಿಯನ್ನು ಕೈಯಿಂದ ಮುಚ್ಚಿಕೊಳ್ಳುತ್ತಿದ್ದ. ಅವನಿಗೆ ಅಷ್ಟೇ ಸಾಕಾಗಿತ್ತು.

ಫೋನು ಮಾಡಿದ್ದ ಭಾಷ್ಯಂ ಬೇಲೂರಿನ ನಿವೃತ್ತ ಕಾಲೇಜು ಮೇಷ್ಟರು. ಇಂದುಧರನ ಹಾಡುಗಳ ಮೇಲೆ ಒಂದು ಪುಸ್ತಕ ಬರೆದವರು. ಹನ್ನೊಂದು ವರ್ಷದ ಹಿಂದೆ ಆ ಪುಸ್ತಕಕ್ಕಾಗಿಯೇ ಈ ಮನೆಗೂ ಬಂದಿದ್ದರು.

"ಭಾನುವಾರ ಇಲ್ಲಿ ಒಂದು ಸಂವಾದ ಇಟ್ಕೊಂಡಿದ್ದೀವಿ ಸಿದ್ದಬಸಪ್ಪನವರೇ. 'ಇಂದುಧರ: ಉಳಿದದ್ದೇನು' ಅಂತ. ಒಡಹುಟ್ಟಿದವರು ನೀವು, ಬಂದು ಮುಂದೆ ಕೂತ್ಕೋಬೇಕು. ಒಂದು ಶಾಲು ಹೊದಿಸ್ತೀವಿ, ಅಷ್ಟೆ. ಮಾತಾಡ್ಲೇಬೇಕು ಅಂತೇನಿಲ್ಲ."

ಸಿದ್ದಬಸಪ್ಪ, "ಬತ್ತೀನಿ ಮೇಷ್ಟ್ರೇ," ಎಂದ. ಪುಷ್ಪಲತಾ ರೊಟ್ಟಿ ಕೈಯಲ್ಲೇ ಹಿಡಿದು ಅವನ ಮುಖವನ್ನೇ ನೋಡಿದಳು. ಏನೋ ಹೇಳಲು ಬಾಯಿ ತೆರೆದಳು. ಆಮೇಲೆ ರೊಟ್ಟಿಯನ್ನು ಹೆಂಚಿಗೆ ಹಾಕಿದಳು.

ಭಾನುವಾರ ಅವನು ಸ್ನಾನ, ಲಿಂಗಪೂಜೆ ಮುಗಿಸಿ, ವಿಭೂತಿ ಹಚ್ಚಿ, ಬಿಳಿ ಅಂಗಿ ತೊಟ್ಟು ಜಾವಗಲ್ಲಿನ ಮೇಲೆ ಹೋಗುವ ಬಸ್ಸು ಹತ್ತಿದ. ಬರಿಗೈಯಲ್ಲಿ ಹೋಗಬಾರದೆಂದು ಪುಷ್ಪಲತಾ ಮೇಷ್ಟರ ಮನೆಗೆ ಹತ್ತು ಉಂಡೆ ಕೊಬ್ಬರಿ ಕಟ್ಟಿಕೊಟ್ಟಿದ್ದಳು. ಹಳೇಬೀಡಿನಲ್ಲಿ ಬಸ್ಸು ಬದಲಾಯಿಸಬೇಕಾಯಿತು. ನಿಲ್ದಾಣದಲ್ಲಿ ಕೂತಿದ್ದಾಗ ಹತ್ತಿರದ ಹುಲಿಕೆರೆಯ ಕಲ್ಲುಮೆಟ್ಟಿಲ ಕೊಳ ನೆನಪಾಯಿತು. ಒಮ್ಮೆ ಅಪ್ಪ ಇಬ್ಬರನ್ನೂ ಗಾಡಿಯಲ್ಲಿ ಅಲ್ಲಿಗೆ ಕರೆತಂದಿದ್ದ. ಇಂದುಧರ ಮೆಟ್ಟಿಲಿಳಿದು ಕೆಳಗೆ ನಿಂತು ಕೂ ಎಂದು ಕೂಗಿ, ಕಲ್ಲುಗಳು ತಿರುಗಿ ಕೂಗುವುದನ್ನು ಕೇಳಿ ಕುಣಿದಾಡಿದ್ದ. "ನಿಂಗೂ ಕೇಳ್ತಾ ಅಣ್ಣಾ?" ಎಂದಿದ್ದ. ಒಂದೇ ಕಿವಿಯವನಿಗೆ ಸದ್ದು ಯಾವ ಕಡೆಯಿಂದ ಬರುತ್ತದೆಂದು ತಿಳಿಯುವುದಿಲ್ಲ; ತಮ್ಮನ ಕೂಗು ಯಾವುದು, ಕಲ್ಲಿನದು ಯಾವುದು ಎಂದು ಬೇರ್ಪಟ್ಟಿರಲಿಲ್ಲ. ಆದರೂ ಕೇಳಿತು ಎಂದು ತಲೆಯಾಡಿಸಿದ್ದ. ತಮ್ಮನಿಗಾಗಿ ಹೇಳಿದ ಸುಳ್ಳುಗಳಲ್ಲಿ ಅದು ಮೊದಲನೆಯದಿರಬೇಕು.

ಬೇಲೂರಿನಲ್ಲಿ ಗುಡಿ ಬೀದಿಗೆ ಹತ್ತಿರದ ಒಂದು ಸಭಾಂಗಣ. ಅರವತ್ತು ಎಪ್ಪತ್ತು ಜನ ಸೇರಿದ್ದರು. ಹಾಸನದ ಕಡೆಯಿಂದ ಬಂದ ಕಪ್ಪು ಟೀ ಶರ್ಟಿನ ಹುಡುಗರು ಹಿಂದಿನ ಸಾಲುಗಳನ್ನು ಹಿಡಿದಿದ್ದರು. ದೀಪ ಹಚ್ಚಿಯಾಯಿತು. ಸಿದ್ದಬಸಪ್ಪನಿಗೆ ಶಾಲು ಹೊದಿಸಿ, ಹಣ್ಣು, ಹೂವು, ಒಂದು ಜುಟ್ಟಿನ ಕಾಯಿ ಇದ್ದ ತಟ್ಟೆಯನ್ನು ಕೈಗೆ ಕೊಟ್ಟು ಫೋಟೋ ತೆಗೆದರು. ಅವನು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಸಾಲಿನಲ್ಲಿ ಕೂತ.

"ಮೊದಲು ಹಾಡು ಕೇಳೋಣ, ಆಮೇಲೆ ಜಗಳ," ಎಂದಳು ಭಾಷ್ಯಂ ಅವರ ಮಗಳು ಹಂಸಾ. ಶಾಲೆಯಲ್ಲಿ ಸಂಗೀತ ಹೇಳಿಕೊಡುವವಳು, ಮೂವತ್ತರ ಆಸುಪಾಸು. "ಅಪ್ಪನ ಭಾಷಣ ಮುಗಿದ ಮೇಲೆ ಕೇಳೋಕೆ ಯಾರೂ ಎಚ್ಚರ ಇರಲ್ಲ."

ಜನ ನಕ್ಕರು. ಭಾಷ್ಯಂ ಅವರೂ ಕನ್ನಡಕ ಒರೆಸುತ್ತ ನಕ್ಕರು.

ಸ್ಪೀಕರು ಸಿದ್ದಬಸಪ್ಪನ ಬಲಕ್ಕಿತ್ತು. ಅವನು ಕುರ್ಚಿಯಲ್ಲೇ ಸ್ವಲ್ಪ ತಿರುಗಿ ಎಡಗಿವಿಯನ್ನು ಅದರ ಕಡೆಗೆ ಕೊಟ್ಟ. ಇನ್ನು ಮುಚ್ಚಿಕೊಳ್ಳುವುದಕ್ಕೆ ಅರ್ಥವಿರಲಿಲ್ಲ. ಕಿವಿ ಮುಚ್ಚಿ ಯಾರಿಗೆ ತೋರಿಸಬೇಕು?

ಮೊದಲು ಗಿಟಾರಿರಲಿಲ್ಲ. ಡ್ರಮ್ಮೂ ಇರಲಿಲ್ಲ. ಬರೀ ಒಂದು ಒಣ ಸದ್ದು.

ಗಡಕ್ ಗಡಕ್. ಒಂದು ಬಿಡುವು. ಗಡಕ್. ದಪ್.

ಗಡಕ್ ಗಡಕ್. ಗಡಕ್. ದಪ್.

ಸಿದ್ದಬಸಪ್ಪನ ಬಲಗೈ ತಟ್ಟೆಯ ಅಂಚಿನ ಮೇಲಿತ್ತು. ಅದು ತಾನಾಗಿ ಬಿಗಿಯಿತು. ಮೂರನೇ ಸುತ್ತಿಗೆ ಅವನಿಗೆ ಅನುಮಾನ ಉಳಿಯಲಿಲ್ಲ. ಬೇರೆಯವರು ರೆಕಾರ್ಡಿನಲ್ಲಿ ತಂತಮ್ಮ ಧ್ವನಿಯನ್ನು ಗುರುತಿಸಬಹುದು. ಅವನು ತನ್ನ ಕೈಯನ್ನು ಗುರುತಿಸಿದ. ಅಪ್ಪ ಬದುಕಿದ್ದ ಕೊನೆಯ ವರ್ಷ ಇಂದುಧರ ಒಂದು ತಿಂಗಳು ಊರಲ್ಲಿದ್ದ. ದಿನಾ ಅಟ್ಟ ಹತ್ತಿ ಮೂಲೆಯಲ್ಲಿ ಕೂರುತ್ತಿದ್ದ. ಪಕ್ಕದಲ್ಲಿ ಅಂಗೈಯಗಲದ ಒಂದು ಪೆಟ್ಟಿಗೆ ಇರುತ್ತಿತ್ತು. "ಅದೇನ್ಲಾ ಅದು?" ಎಂದರೆ, "ಏನಿಲ್ಲ, ರೇಡಿಯೋ. ನೀನು ನಿನ್ ಪಾಡಿಗೆ ಕಾಯಿ ನೋಡಣ್ಣ," ಎನ್ನುತ್ತಿದ್ದ. ಆ ರೇಡಿಯೋ ಒಂದು ದಿನವೂ ಹಾಡಿದ್ದಿಲ್ಲ. ಅದನ್ನು ಅವನು ಆಗ ಯೋಚಿಸಿರಲೇ ಇಲ್ಲ.

ಈಗ ಆ ಸದ್ದಿನ ಮೇಲೆ ಗಿಟಾರು ಬಂದು ಕೂತಿತು, ಡ್ರಮ್ಮು ಬಂತು. ಎಲ್ಲವೂ ಅವನ ಕೈಗಾಗಿ ಕಾಯುತ್ತಿದ್ದವು. ಕಾಯಿ ಬಲಗಿವಿಯಿಂದ ಎಡಗಿವಿಗೆ ದಾಟುವ ಆ ಒಂದು ಗಳಿಗೆಯಲ್ಲಿ ಇಡೀ ಬ್ಯಾಂಡು ಉಸಿರು ಹಿಡಿಯುತ್ತಿತ್ತು. ಆಮೇಲೆ ತಮ್ಮನ ಒಡಕು ಗಂಟಲು ಎದ್ದಿತು:

ಏಣಿ ತೆಗೀಬ್ಯಾಡ್ರೋ, ನಾನಿನ್ನೂ ಮ್ಯಾಲಿವ್ನಿ.

ಹಿಂದಿನ ಸಾಲಿನ ಹುಡುಗರು ಚಪ್ಪಾಳೆ ಹಾಕುತ್ತ ಜೊತೆಗೆ ಹಾಡಿದರು. ಬಿಡುವು ಬಂದಾಗ ಅವರ ಚಪ್ಪಾಳೆ ತಪ್ಪುತ್ತಿತ್ತು, ತಪ್ಪಿದಾಗೆಲ್ಲ ನಗುತ್ತಿದ್ದರು. ಸಿದ್ದಬಸಪ್ಪ ಶಾಲಿನ ತುದಿಯಿಂದ ಬಾಯಿ ಒತ್ತಿ ಹಿಡಿದು ಕೂತಿದ್ದ.

ಹಾಡು ಮುಗಿಯಿತು. ಭಾಷ್ಯಂ ಮೈಕಿನ ಮುಂದೆ ನಿಂತರು.

"ಇಂದುಧರನ ಮೇಲೆ ನನಗೆ ಪ್ರೀತಿ ಇದೆ. ಆದರೆ ಸತ್ತವರ ಮೇಲಿನ ಪ್ರೀತಿ ಬೇರೆ, ಅವರ ಬೆಲೆ ಕಟ್ಟೋದು ಬೇರೆ," ಎಂದು ಶುರು ಮಾಡಿದರು. ಇಂದುಧರ ಒಳ್ಳೆಯ ಹಾಡುಗಾರ, ದೊಡ್ಡ ಕವಿಯಲ್ಲ. ಅವನ ಹಾಡಿನ ಹಳ್ಳಿ ಕಂಡದ್ದಕ್ಕಿಂತ ಕಟ್ಟಿಕೊಂಡದ್ದು ಜಾಸ್ತಿ. "ಈ ಹಾಡಿನದೇ ತಗೊಳ್ಳಿ. ಹುಡುಗರು 'ಕುಂಟು ತಾಳ' ಅಂತ ಕರೀತಾರೆ. ಅದು ನಮ್ಮ ಮನೆ ಅಟ್ಟದ ತಾಳ, ಕೊಬ್ಬರಿ ಕಾಯಿ ಸದ್ದು ಅಂತ ಆತ ಒಂದು ಸಂದರ್ಶನದಲ್ಲಿ ಹೇಳಿಕೊಂಡ. ಎಲ್ಲರೂ ನಂಬಿದ್ರು. ಆದರೆ ಯಾವುದೋ ಪರದೇಶದ ಬ್ಯಾಂಡಿನ ರೆಕಾರ್ಡಿನಿಂದ ಎತ್ತಿದ್ದು ಅಂತ ನನ್ನ ಅನುಮಾನ."

"ಅನುಮಾನಕ್ಕೆ ಯಾವ ರೆಕಾರ್ಡು ಅಂತ ಹೆಸರಿದೆಯಾ ಅಪ್ಪ?" ಹಂಸಾ ಕೂತಲ್ಲಿಂದಲೇ ಕೇಳಿದಳು.

"ಹೆಸರು ಸಿಕ್ಕಿಲ್ಲ. ಆದರೆ ಸಾಕ್ಷಿ ಸಿಕ್ಕಿದೆ." ಭಾಷ್ಯಂ ಪುಸ್ತಕ ತೆರೆದರು. "ಹನ್ನೊಂದು ವರ್ಷದ ಹಿಂದೆ ನಾನು ಅವರ ಮನೆಗೇ ಹೋಗಿ ಕೇಳಿದೆ. ಇಂದುಧರನ ಅಣ್ಣನವರು ಹೇಳಿದ ಮಾತು ಇಲ್ಲಿದೆ: 'ಅವನು ಅಟ್ಟ ಹತ್ತಿದ್ದೇ ಇಲ್ಲ. ಕಾಯಿ ಅಂದ್ರೆ ಏನು ಅಂತ ಅವನಿಗೇನು ಗೊತ್ತು? ಊರಿನ ಹೆಸರು ಹೇಳ್ಕಂಡು ಪ್ಯಾಟೇಲಿ ಬದುಕ್ತಾವ್ನೆ.' ಇದಕ್ಕಿಂತ ಬೇರೆ ಸಾಕ್ಷಿ ಬೇಕಾ? ಅವರೇ ಇಲ್ಲಿ ಮುಂದೆ ಕೂತಿದ್ದಾರೆ."

ಎಲ್ಲರ ಕಣ್ಣೂ ಅವನ ಕಡೆ ತಿರುಗಿತು.

ಮಾತು ಅವನದೇ. ಅಕ್ಷರಕ್ಕೆ ಅಕ್ಷರ ಅವನದೇ. ಆ ದಿನ ಜಗುಲಿಯ ಮೇಲೆ ಮೇಷ್ಟರಿಗೆ ಎಳನೀರು ಕೊಟ್ಟು, ಹಾಡನ್ನು ಒಮ್ಮೆಯೂ ಕೇಳದೆ, ಬರೀ ಹೊಟ್ಟೆಯೊಳಗಿನ ಉರಿಗೆ ಆಡಿದ್ದ. ಆಡಿ ಮರೆತೂ ಬಿಟ್ಟಿದ್ದ. ಅದು ಪುಸ್ತಕದಲ್ಲಿ ಕೂತು, ಊರೂರು ತಿರುಗಿ, ತಮ್ಮ ಎಲ್ಲಿ ಹಾಡಿದರೂ ಅವನ ಹಿಂದೆಯೇ ಹೋಗಿ 'ಇವನು ಸುಳ್ಳ' ಎಂದು ಹೇಳುತ್ತಿತ್ತೆಂದು ಸಿದ್ದಬಸಪ್ಪನಿಗೆ ಇವತ್ತೇ ತಿಳಿದದ್ದು. ತಮ್ಮನಿಗೆ ತಿಳಿದಿತ್ತೇ? ಓದಿರಲೇಬೇಕು. ಓದಿಯೂ ಒಂದು ಉತ್ತರ ಕೊಟ್ಟಿರಲಿಲ್ಲ.

"ಸುಳ್ಳೋ ನಿಜಾನೋ ಕಾಣೆ ಸಾರ್," ಹಿಂದಿನಿಂದ ಒಂದು ದಪ್ಪ ಧ್ವನಿ ಬಂತು. ಬಸ್ ನಿಲ್ದಾಣದ ಹತ್ತಿರ ಮೊಬೈಲ್ ಅಂಗಡಿ ಇಟ್ಟಿದ್ದ ಕುಮಾರಸ್ವಾಮಿ. "ನಂದು ಸೀಡಿ ಅಂಗಡಿ ಇದ್ದಾಗ ಈ ಹಾಡು ಕೇಳೋಕೆ ಅಂತಾನೇ ಹುಡುಗ್ರು ದಿನಾ ಬಂದು ಬಾಗ್ಲಲ್ಲಿ ನಿಲ್ತಿದ್ರು. ಎಲ್ಲಿಂದ ಬಂತು ಅಂತ ಒಬ್ನೂ ಕೇಳ್ಲಿಲ್ಲ."

ನಗು ಎದ್ದಿತು. ಅದರ ನಡುವೆ ಸಿದ್ದಬಸಪ್ಪ ಎದ್ದು ನಿಂತ. ತಟ್ಟೆಯನ್ನು ಕುರ್ಚಿಯ ಮೇಲಿಟ್ಟ.

"ಮೇಷ್ಟ್ರೇ, ನಾನೊಂದು ಮಾತು ಹೇಳ್ಬೇಕು."

ಹಂಸಾ ಮೈಕನ್ನು ಅವನ ಕೈಗೆ ಕೊಟ್ಟಳು. ಅದನ್ನು ಅವನು ಕಾಯಿ ಹಿಡಿದಂತೆ ಹಿಡಿದ.

"ಆವತ್ತು ನಾನು ಹೇಳಿದ್ದು ಸುಳ್ಳು. ಅವನು ಅಟ್ಟ ಹತ್ತುತಿದ್ದ. ನಡೆಯೋಕೆ ಕಲ್ತಾಗಿಂದ್ಲೂ ಹತ್ತುತಿದ್ದ. ನಂಗೂ ಅವನ್ಗೂ ಮಾತಿರ್ಲಿಲ್ಲ, ಹೊಟ್ಟೆಉರಿಗೆ ಅಂದ್ಬಿಟ್ಟೆ. ಈ ಸದ್ದು ನಮ್ಮನೆ ಅಟ್ಟದ್ದೇ. ನಾನು ಈವತ್ತೇ ಕೇಳಿದ್ದು. ಇದು ಕಾಯಿ ಸದ್ದೇ. ಇದು..." ಅವನು ಮೈಕು ಹಿಡಿದ ಕೈಯನ್ನು ನೋಡಿದ. "ಇದು ನನ್ನ ಕೈ."

ಅವನಿಗೆ ಎದೆ ಹಗುರಾದಂತಾಯಿತು. ಒಂದು ಕ್ಷಣ, ಅಷ್ಟೇ.

"ಅಂದ್ರೆ?" ಕಪ್ಪು ಟೀ ಶರ್ಟಿನ ಚನ್ನೇಶ್ ಎಂಬ ಹುಡುಗ ಎದ್ದು ನಿಂತಿದ್ದ. ಮೊದಲಿನಿಂದಲೂ ಮೊಬೈಲಿನಲ್ಲಿ ಎಲ್ಲವನ್ನೂ ಹಿಡಿಯುತ್ತಿದ್ದವನು. "ಅಂದ್ರೆ ಆ ಬೀಟ್ ನಿಮ್ದು? ಇಂದುಧರ ಅವ್ರದ್ದಲ್ಲ?"

"ನಂದೇ. ಅವನು ಹಿಡ್ಕಂಡವ್ನೆ, ಡಬ್ಬೀಲಿ."

"ನಿಮ್ಗೆ ಹೇಳಿ ರೆಕಾರ್ಡ್ ಮಾಡಿದ್ರಾ?"

"ಇಲ್ಲ. ರೇಡಿಯೋ ಅಂದಿದ್ದ."

"ಸೀಡಿ ಮೇಲೆ ನಿಮ್ ಹೆಸರು ಹಾಕಿದ್ರಾ?"

ಸಿದ್ದಬಸಪ್ಪ ಉತ್ತರಿಸುವ ಮೊದಲೇ ಚನ್ನೇಶ್ ಉಳಿದವರ ಕಡೆ ತಿರುಗಿದ್ದ. "ಕೇಳಿದ್ರಾ? ಸ್ವಂತ ಅಣ್ಣನ ಕೈಯಿಂದ ಕದ್ದು, ಹೆಸರೂ ಹಾಕಿಲ್ಲ. ಮೇಷ್ಟ್ರು ನಕಲಿ ಅಂದ್ರು. ಇದು ನಕಲಿ ಅಲ್ಲ ಸಾರ್, ಕಳ್ಳತನ."

"ಹದಿನೇಳು ವರ್ಷ ಸುಮ್ನಿದ್ದು, ಸತ್ತ ಮ್ಯಾಲೆ ಪಾಲು ಕೇಳೋಕೆ ಬಂದವ್ರೆ," ಎಂದು ಇನ್ನೊಂದು ಮೂಲೆಯಿಂದ ಯಾರೋ ಅಂದರು. "ಅಲ್ಲ ಕಣ್ರೀ, ಕದ್ದಿದ್ದು ತಪ್ಪಲ್ವಾ?" ಎಂದು ಮತ್ತೊಬ್ಬರು. ಸಭೆ ಎರಡಾಯಿತು, ಮೂರಾಯಿತು. ಭಾಷ್ಯಂ ಕೈಯೆತ್ತಿ ಸುಮ್ಮನಾಗಿಸಲು ನೋಡಿದರು. ಅವರ ಮುಖದಲ್ಲಿ ಗೆದ್ದವರ ಕಳೆಯೇನೂ ಇರಲಿಲ್ಲ. ಪುಸ್ತಕದ ಹಾಳೆಯ ನಡುವೆ ಬೆರಳಿಟ್ಟುಕೊಂಡು ಗಾಬರಿಯಾಗಿ ನಿಂತಿದ್ದರು.

ಸಿದ್ದಬಸಪ್ಪ ಎಲ್ಲರನ್ನೂ ನೋಡಿದ. ನಿಜ ಹೇಳಿದರೆ ತಮ್ಮನ ಹೆಸರು ತೊಳೆದುಹೋಗುತ್ತದೆ ಎಂದುಕೊಂಡಿದ್ದ. ಈಗ ಬೇರೊಂದು ಮಸಿ ಹತ್ತಿತ್ತು, ಅದೂ ತನ್ನ ಕೈಯಿಂದಲೇ. ಆ ಹುಡುಗನ ಮೊಬೈಲಿನಲ್ಲಿ ಅದು ಸಂಜೆಯೊಳಗೆ ಎಲ್ಲೆಲ್ಲಿಗೆ ಹೋಗುತ್ತದೋ. ಪುಸ್ತಕಕ್ಕಿಂತ ಬೇಗ ಹೋಗುತ್ತದೆ. ಹೆಸರು ಹಾಕಲಿಲ್ಲವಂತೆ! ಹೆಸರೆತ್ತಬಾರದು ಎಂದು ಪಂಕ್ತಿಯ ಮುಂದೆ ಕಿರುಚಿದವನು ಯಾರು?

"ಸುಮ್ನಿರ್ರಪ್ಪ," ಎಂದ. ಮೈಕು ಕೀರಲು ಹೊಡೆಯಿತು. "ಸುಮ್ನಿರ್ರಿ. ನನ್ನ ಮಾತು ಮುಗ್ದಿಲ್ಲ."

ಜನ ಸುಮ್ಮನಾದರು.

"ನನ್ನ ಕೈ ಅಂದ್ರೆ, ಕಲ್ಸಿದ್ದು ನನ್ನ ಕೈ ಅಂತ. ಅಲ್ಲಾಡ್ಸಿದ್ದು ಅವನೇ. ಡಬ್ಬಿ ಪಕ್ಕಕ್ಕೆ ಮಡಿಕ್ಕಂಡು ಅವನೇ ಕಾಯಿ ನೋಡ್ತಿದ್ದ. ನಾನು ಎದುರಿಗಿದ್ದೆ, ಅಷ್ಟೇಯ."

"ಈಗ ತಾನೇ ನಂದೇ ಅಂದ್ರಿ?" ಚನ್ನೇಶ್ ಬಿಡಲಿಲ್ಲ.

"ವಯಸ್ಸಾಗೈತೆ ಕಣಪ್ಪ. ತಮ್ಮ ಹೋಗವ್ನೆ. ಬಾಯಿ ತಪ್ತದೆ."

"ಹಂಗಾದ್ರೆ ನೀವು ಹೆಂಗೆ ಅಲ್ಲಾಡಿಸ್ತೀರಿ ತೋರಿಸಿ ನೋಡೋಣ. ತಟ್ಟೇಲಿ ಕಾಯಿ ಐತಲ್ಲ."

ಹಂಸಾ ತಟ್ಟೆಯಿಂದ ಕಾಯಿ ಎತ್ತಿ ಅವನ ಬಲಗೈಗೆ ಕೊಟ್ಟಳು. ಮೈಕನ್ನು ತಾನು ಹಿಡಿದು ಹತ್ತಿರ ತಂದಳು. ಅರವತ್ತು ಎಪ್ಪತ್ತು ಜನ ಉಸಿರು ಬಿಗಿಹಿಡಿದು ನೋಡುತ್ತಿದ್ದರು.

ಕಾಯಿ ಕೈಗೆ ಬಂದೊಡನೆ ಕೈ ತನ್ನ ದಾರಿ ಹಿಡಿಯಲು ಹೊರಟಿತು. ಅದನ್ನು ಅವನು ತಡೆದ. ನಲವತ್ತೈದು ವರ್ಷದಲ್ಲಿ ಮೊದಲ ಸಲ ತಡೆದ. ಕಾಯಿಯನ್ನು ಬಲಗಿವಿಯ ಹತ್ತಿರ ಎತ್ತಿ ಹಿಡಿದು ಒಂದೇ ಸಮನೆ, ಎಡಗಡೆಗೆ ದಾಟಿಸದೆ, ನಿಲ್ಲಿಸದೆ, ನಾಲ್ಕು ಸಲ ಅಲ್ಲಾಡಿಸಿ ಕೆಳಗಿಳಿಸಿದ. ಮೈಕಿನಲ್ಲಿ ಚಳಕ್ ಚಳಕ್ ಎಂದು ಸಭೆಗೆಲ್ಲ ಕೇಳಿಸಿರಬೇಕು. ಅವನಿಗೆ ಬಲಗಿವಿಯಲ್ಲಿ ಎಂದಿನಂತೆ ಏನೂ ಕೇಳಿಸಲಿಲ್ಲ; ಕೈಯನ್ನು ತಡೆಯುವುದರಲ್ಲೇ ಮುಳುಗಿದ್ದರಿಂದಲೋ ಏನೋ, ಎಡಗಿವಿಯಲ್ಲೂ ಕೇಳಿಸಿದ್ದು ನೆನಪಿಲ್ಲ.

"ನೋಡಿದ್ರಾ? ನಂದು ಹಿಂಗೆ, ಸೀದಾ. ಆ ಕುಂಟು ಅವಂದೇ. ಇನ್ಯಾರಿಗೂ ಅದು ಬರಲ್ಲ."

ಚನ್ನೇಶ್ ಮೊಬೈಲು ಇಳಿಸಿದ. "ಹಂಗಾದ್ರೆ ಒರಿಜಿನಲ್ಲೇ ಬಿಡಿ," ಎಂದು ಪಕ್ಕದವನಿಗೆ ಹೇಳಿದ. ಯಾರೋ ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು. ಭಾಷ್ಯಂ ಜೇಬಿನಿಂದ ಪೆನ್ನು ತೆಗೆದು ಪುಸ್ತಕದಲ್ಲಿ ಆ ಸಾಲಿನ ಪಕ್ಕ ಏನೋ ಬರೆದುಕೊಂಡರು. "ಮುಂದಿನ ಮುದ್ರಣದಲ್ಲಿ ತಿದ್ದುತೀನಿ ಸಿದ್ದಬಸಪ್ಪನವರೇ. ಆದರೆ ಆವತ್ತೇ ಹೇಳಿದ್ರೆ ಇಂದುಧರ ಇರುವಾಗಲೇ ತಿದ್ದಬಹುದಿತ್ತು," ಎಂದರು. ಚುಚ್ಚಬೇಕೆಂದು ಹೇಳಿದ ಮಾತಲ್ಲ. ಅದಕ್ಕೇ ಆಳಕ್ಕೆ ಹೋಯಿತು.

ಸಂವಾದ ಮುಂದುವರಿಯಿತು. ಅವನು ಬಸ್ಸಿಗೆ ಹೊತ್ತಾಯಿತೆಂದು ಕೊಬ್ಬರಿಯ ಗಂಟನ್ನು ಮೇಷ್ಟರ ಕುರ್ಚಿಯ ಬಳಿ ಇಟ್ಟು ಹೊರಟ. ಹಂಸಾ ತಟ್ಟೆಯ ಹಣ್ಣುಕಾಯಿಗಳನ್ನು ಚೀಲಕ್ಕೆ ತುಂಬಿಕೊಂಡು ಜೊತೆಗೆ ನಡೆದಳು. ಅವಳು ಮೊದಲು ಅವನ ಬಲಕ್ಕಿದ್ದಳು. ಎರಡು ಮಾತಿಗೆ ಅವನು ಉತ್ತರ ಕೊಡದಿದ್ದಾಗ ಸುತ್ತಿ ಬಂದು ಎಡಕ್ಕೆ ನಡೆಯತೊಡಗಿದಳು.

"ಬಲಗಡೆ ಕಿವಿ ಕೇಳಿಸಲ್ಲ ಅಲ್ವಾ ನಿಮಗೆ?"

"ಸಣ್ಣವನಿದ್ದಾಗಿಂದ್ಲೂ ಇಲ್ಲ ಕಣವ್ವ," ಎಂದ. ಎಂದ ಮೇಲೆ ತಾನೇನು ಹೇಳಿದೆನೆಂದು ಹೊಳೆದು ನಿಂತುಬಿಟ್ಟ. ಸಭೆಯಲ್ಲಿ ಕಾಯಿಯನ್ನು ಆ ಕೇಳದ ಕಿವಿಗೇ ಹಿಡಿದು ತೋರಿಸಿದ್ದ.

ಹಂಸಾ ಅವನನ್ನು ಬಸ್ ನಿಲ್ದಾಣದ ಕಲ್ಲುಬೆಂಚಿನ ತನಕ ನಡೆಸಿಕೊಂಡು ಹೋದಳು.

"ನಾನು ಇಂದುಧರ ಅವ್ರನ್ನ ಒಂದು ಸಲ ಕೇಳಿದ್ದೆ, ಯಾರ ಕೈ ಅದು ಅಂತ. ಮೂರು ವರ್ಷ ಆಯ್ತು," ಎಂದಳು ಕೂತ ಮೇಲೆ. "'ಆ ಮನೇಲಿ ನನ್ನ ಹೆಸರು ಎತ್ತೋ ಹಂಗಿಲ್ಲ. ಅದಕ್ಕೆ ನಾನೂ ಅವ್ರ ಹೆಸರು ಎತ್ತಲ್ಲ. ಅಲ್ಲಿಗೆ ಸಮ ಆಯ್ತು,' ಅಂದ್ರು. ನಕ್ಕರು. ಪೂರ್ತಿ ನಗಲಿಲ್ಲ."

ಸಿದ್ದಬಸಪ್ಪ ಚೀಲದ ಹಿಡಿಯನ್ನು ಸುತ್ತುತ್ತ, ಬಿಚ್ಚುತ್ತ ಕೂತಿದ್ದ.

"ಸ್ಟೇಜ್ ಮೇಲೆ ಆ ಬಿಡುವು ಬಂದಾಗೆಲ್ಲ ಅವ್ರು ಮೈಕು ಬಿಟ್ಟು ತಲೆ ಎಡಕ್ಕೆ ವಾಲಿಸ್ತಿದ್ರು. ಏನೋ ಸ್ಟೈಲು ಅಂತ ನಾವೆಲ್ಲ ಅನ್ಕೊಂಡಿದ್ವಿ. ಹುಡುಗ್ರೂ ಹಂಗೇ ಮಾಡ್ತಿದ್ರು."

ಅವನಿಗೆ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲಿಲ್ಲ. "ಬರೀಬ್ಯಾಡ ಕಣವ್ವ," ಎಂದ. "ಎಲ್ಲೂ ಬರೀಬ್ಯಾಡ. ಅದು ಅವಂದು ಅಂತಾನೇ ಇರ್ಲಿ."

"ಸುಳ್ಳಾಗುತ್ತಲ್ಲ?"

"ನಿಜ ಹೇಳೋ ಹೊತ್ನಲ್ಲಿ ಹೇಳ್ಲಿಲ್ಲ ನಾನು. ಈಗ ಹೇಳಿದ್ರೆ ಅವನಿಗೇ ಹೊಡೀತದೆ, ನೋಡ್ದಲ್ಲ."

ಬಸ್ಸು ಬಂತು. ಅವಳು ಬರೆಯುತ್ತೇನೆಂದೂ ಹೇಳಲಿಲ್ಲ, ಬರೆಯುವುದಿಲ್ಲವೆಂದೂ ಹೇಳಲಿಲ್ಲ. ಬಗ್ಗಿ ಅವನ ಕಾಲು ಮುಟ್ಟಿದಳು.

ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದ. ಪುಷ್ಪಲತಾ ಚೀಲ ಬಿಚ್ಚಿ ಹಣ್ಣು ತೆಗೆದಿಟ್ಟು, ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದಳು. "ನೀರು ಚೆನ್ನಾಗೈತೆ. ನಾಳೆ ಚಟ್ನಿಗಾಯ್ತು," ಎಂದಳು. ಅವನು ಕಾಲು ತೊಳೆದು ಬಂದು ಕಂಬಕ್ಕೆ ಒರಗಿ ಕೂತ.

"ಆ ಹಾಡು ನೀನು ಕೇಳಿದ್ದೇನೇ?"

ಅವಳು ಕಾಯಿ ಹಿಡಿದೇ ನಿಂತಳು. "ತೌರೂರಿನ ಮದುವೇಲಿ ಹಾಕಿದ್ರು. ಹಾಡು ಬಂದ ವರ್ಷವೇ."

"ಗೊತ್ತಾಯ್ತಾ ನಿಂಗೆ?"

"ದಿನಾ ತಲೆ ಮೇಲೆ ಕೇಳೋ ಸದ್ದು ಗೊತ್ತಾಗಲ್ವೇನ್ರೀ?"

"ಮತ್ತೆ ಯಾಕೆ ಹೇಳ್ಲಿಲ್ಲ?"

"ಆವತ್ತೇ ಬಂದು ಹೇಳೋಕೆ ಹೋದೆ. ಇಂದುಧರ ಅನ್ನೋಕಿಲ್ಲ, ತಟ್ಟೆ ತಳ್ಳಿ ಎದ್ದೋದ್ರಿ. ಇನ್ನೊಂದ್ಸಲ ಅಂದೆ, ಎರಡು ದಿನ ಊಟ ಬಿಟ್ರಿ. ಆಮೇಲೆ ನಂಗೂ ಸಾಕಾಯ್ತು." ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. "ನೀವು ಅಟ್ಟ ಹತ್ತಿದಾಗೆಲ್ಲ ಅನ್ಕತಿದ್ದೆ, ಅವನೂ ಅಲ್ಲೇ ಕೂತವ್ನೇನೋ ಅಂತ."

ಅವನು ತಲೆಯೆತ್ತಿ ಅಟ್ಟದ ಹಲಗೆಗಳನ್ನು ನೋಡಿದ.

ಮಾರನೇ ದಿನ ಬೆಳಿಗ್ಗೆ ಎಂದಿನಂತೆ ಅಟ್ಟ ಹತ್ತಿದ. ಹೆಂಚಿನ ಸಂದಿಯಿಂದ ಬಿದ್ದ ಬೆಳಕು ಕಾಯಿರಾಶಿಯ ಮೇಲೆ ಮಲಗಿತ್ತು. ಇಂದುಧರ ಕೂರುತ್ತಿದ್ದ ಮೂಲೆಯಲ್ಲಿ ಈಗ ಹೋದ ಯುಗಾದಿಗೆ ಏರಿಸಿದ ಕಾಯಿಗಳಿದ್ದವು. ಅವು ಆಗಲು ಇನ್ನೂ ಬಹಳ ದಿನ ಬೇಕು. ಆದರೂ ಒಂದನ್ನು ಎತ್ತಿಕೊಂಡ. ಬಲಗಡೆ ಎರಡು ಸಲ ಅಲ್ಲಾಡಿಸಿದ. ಎಡಗಡೆಗೆ ದಾಟಿಸುತ್ತ, ಆ ಒಂದು ಉಸಿರಿನಷ್ಟು ಜಾಗದಲ್ಲಿ, ಕೈ ನಿಂತುಹೋಯಿತು. ಮೂರನೇ ಸಲ ಅಲ್ಲಾಡಿಸಲಾಗದೆ ಕಾಯಿ ಹಿಡಿದು ಹಾಗೇ ಕೂತ.

ಕೆಳಗೆ ರೊಟ್ಟಿಯ ಸದ್ದೂ ನಿಂತಿತು. ಅಡುಗೆಮನೆ ಬಾಗಿಲಲ್ಲಿ ಬಳೆ ಸದ್ದಾಯಿತು.

"ಏಣಿ ತೆಗೀಲೇನ್ರೀ?" ಪುಷ್ಪಲತಾ ದಿನದಂತೆ ಕೇಳಿದಳು.

"ಬ್ಯಾಡ," ಎಂದ ಸಿದ್ದಬಸಪ್ಪ. ಅವಳಿಗೆ ಕೇಳಿಸಿತೋ ಇಲ್ಲವೋ ಎಂದು ಮತ್ತೊಮ್ಮೆ ಹೇಳಿದ: "ಇನ್ ಮ್ಯಾಲೆ ತೆಗೀಬ್ಯಾಡ. ಅಲ್ಲೇ ಇರ್ಲಿ."